ಹುಳುಕಡ್ಡಿ ಕುದುರೆಯ ಮೈಮೇಲಷ್ಟೇ ಅಲ್ಲ, ಬ್ರಷ್ಷಿನಲ್ಲೂ ಇರುತ್ತದೆ

ಮಾನ್ಯ ಸಂಪಾದಕರೇ,

ನಾನು ಮೈಸೂರಿನ ಒಂದು ಟಾಂಗಾ ಮನೆಯ ಸೊಸೆ. ಮಾವನವರು ಟಾಂಗಾ ಹೊಡೆದವರು, ಈಗ ನನ್ನ ಗಂಡ ಹೊಡೆಯುತ್ತಾರೆ. ಮನೆಯಲ್ಲಿ ಎರಡು ಕುದುರೆಗಳಿವೆ, ರಾಣಿ ಮತ್ತು ಸುಲ್ತಾನ್. ಬೆಳಿಗ್ಗೆ ಹುರುಳಿ ಬೇಯಿಸುವುದು, ಲಾಯ ಗುಡಿಸುವುದು, ಮದುವೆ ಮೆರವಣಿಗೆಯಿಂದ ಬಂದ ಮೇಲೆ ಜೂಲು, ಅಂದರೆ ಕುದುರೆಗೆ ಹೊದಿಸುವ ಅಲಂಕಾರದ ಬಟ್ಟೆ, ಒಗೆಯುವುದು, ಇವೆಲ್ಲ ನನ್ನ ಪಾಲಿನ ಕೆಲಸ. ಪತ್ರಿಕೆಗೆ ಬರೆದು ಅಭ್ಯಾಸ ಇಲ್ಲ. ಆದರೆ ಹೋದ ವಾರ ನಮ್ಮ ಪಕ್ಕದ ಬೀದಿಯವರೊಬ್ಬರು ತಮ್ಮ ಹೆಣ್ಣು ಕುದುರೆಯನ್ನು ರಿಂಗ್ ರಸ್ತೆ ಆಚೆ ಬಿಟ್ಟು ಬಂದರು. ಯಾಕೆ ಅಂತ ಕೇಳಿದರೆ, "ಅದಕ್ಕೆ ಕುಷ್ಠ ಬಂದಿದೆ, ಮೈಯೆಲ್ಲ ಕೂದಲು ಉದುರ್ತಾ ಇದೆ, ಮಕ್ಕಳಿಗೂ ಬರುತ್ತೆ" ಅಂದರು. ನಾನು ಹೋಗಿ ನೋಡಿದೆ. ಕುಷ್ಠ ಅಲ್ಲ, ಏನೂ ಅಲ್ಲ. ಹುಳುಕಡ್ಡಿ. ನಮ್ಮ ರಾಣಿಗೆ ಕಳೆದ ವರ್ಷ ಬಂದಿದ್ದೂ ಅದೇ. ವಾಸಿಯಾಗುವ ಕಾಯಿಲೆಗೆ ಒಂದು ಜೀವವನ್ನು ಬೀದಿಗೆ ಬಿಟ್ಟರಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಕಡೆ ಇದಕ್ಕೆ ಹುಳುಕಡ್ಡಿ ಅಂತಾರೆ, ಕೆಲವರು ಗಜಕರ್ಣ ಅಂತಾರೆ. ಹೆಸರಿನಲ್ಲಿ ಹುಳು ಇದ್ದರೂ ಇದು ಹುಳುವಿನ ಕಾಟ ಅಲ್ಲ. ಇದು ಒಂದು ಜಾತಿಯ ಬೂಷ್ಟು, ಅಂದರೆ ಫಂಗಸ್. ಮಳೆಗಾಲದಲ್ಲಿ ರೊಟ್ಟಿ ಮೇಲೆ, ಚಪ್ಪಲಿ ಮೇಲೆ ಬೂಷ್ಟು ಹಿಡಿಯುತ್ತಲ್ಲ, ಅಂಥದ್ದೇ ಇನ್ನೊಂದು ಬಳಗ ಕೂದಲು ಮತ್ತು ಚರ್ಮದ ಮೇಲ್ಪದರವನ್ನು ತಿಂದು ಬದುಕುತ್ತದೆ. ಕುದುರೆಗಳಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಟ್ರೈಕೋಫೈಟಾನ್ ಈಕ್ವಿನಮ್ ಅಂತ ಹೆಸರು. ಹೆಸರು ನೆನಪಿಟ್ಟುಕೊಳ್ಳಬೇಕಾಗಿಲ್ಲ. ಅದು ಒಂದು ಕುದುರೆಯಿಂದ ಇನ್ನೊಂದಕ್ಕೆ, ಕುದುರೆಯಿಂದ ಮನುಷ್ಯರಿಗೆ ಹರಡುತ್ತದೆ ಅನ್ನೋದು ನೆನಪಿದ್ದರೆ ಸಾಕು.

ಕಳೆದ ಆಷಾಢದಲ್ಲಿ ನಾನು ಅದನ್ನು ಮೊದಲು ಕಂಡೆ. ಆಷಾಢದಲ್ಲಿ ಮದುವೆ ಇರೋದಿಲ್ಲ, ಕುದುರೆಗಳಿಗೆ ಸ್ವಲ್ಪ ಬಿಡುವು, ನನಗೂ ಅವುಗಳ ಮೈ ಉಜ್ಜಲು ಪುರುಸೊತ್ತು. ರಾಣಿಯ ಹೊಟ್ಟೆಪಟ್ಟಿ ಬರುವ ಜಾಗದಲ್ಲಿ, ಮುಂಗಾಲಿನ ಹಿಂದೆ, ಕೂದಲು ಚಿಕ್ಕ ಚಿಕ್ಕ ಗೊಂಚಲಾಗಿ ನೆಟ್ಟಗೆ ನಿಂತಿತ್ತು. ಒದ್ದೆಯಾಗಿ ಅಂಟಿಕೊಂಡಿರಬೇಕು ಅಂದುಕೊಂಡೆ. ಎರಡು ದಿನ ಬಿಟ್ಟು ಬೆರಳಲ್ಲಿ ಹಿಡಿದರೆ ಗೊಂಚಲು ಗೊಂಚಲೇ ಕೈಗೆ ಬಂತು. ಬುಡದಲ್ಲಿ ಬಿಳಿ ಹೊಪ್ಪಳೆ, ಅಂದರೆ ಒಣಗಿದ ಚರ್ಮದ ಸಿಪ್ಪೆ, ಮೇಲೆ ಕೂದಲು, ಥೇಟ್ ಚಿಕ್ಕ ಪೇಂಟ್ ಬ್ರಷ್ ಹಾಗೆ. ಕೆಳಗಡೆ ಎಂಟಾಣೆ ಅಗಲದ ಬೂದು ಬಣ್ಣದ ಬೋಳು ಚರ್ಮ, ಅದರ ಮೇಲೆ ಹೊಟ್ಟಿನಂಥ ಪುಡಿ. ಅವಳಿಗೆ ತುರಿಕೆ ಏನೂ ಇರಲಿಲ್ಲ. ಗೋಡೆಗೆ ಮೈ ಉಜ್ಜಲಿಲ್ಲ, ಮೇವು ಬಿಡಲಿಲ್ಲ. ಅದಕ್ಕೇ ನಾವು ಅಸಡ್ಡೆ ಮಾಡಿದೆವು. ತುರಿಕೆ ಇಲ್ಲ ಅಂದರೆ ಕಾಯಿಲೆ ಅಲ್ಲ ಅಂತ ನಮ್ಮ ಲೆಕ್ಕ. ಆ ಲೆಕ್ಕವೇ ತಪ್ಪು. ಹುಳುಕಡ್ಡಿ ಬಂದ ಎಷ್ಟೋ ಕುದುರೆಗಳು ಕೆರೆದುಕೊಳ್ಳುವುದೇ ಇಲ್ಲ.

ವಾರದೊಳಗೆ ಒಂದು ಇದ್ದದ್ದು ಏಳಾಯಿತು. ಕುತ್ತಿಗೆ, ಭುಜ, ಕಣ್ಣಿನ ಮೇಲೆ. ಆಮೇಲೆ ಬಂತು ನೋಡಿ ಸಲಹೆಗಳ ಮಳೆ. ಒಬ್ಬರು ಗಾಡಿಯ ಸುಟ್ಟ ಎಂಜಿನ್ ಆಯಿಲ್ ಹಚ್ಚಿ ಅಂದರು. ಇನ್ನೊಬ್ಬರು ಸೀಮೆಎಣ್ಣೆ. ಮತ್ತೊಬ್ಬರು ಬ್ಯಾಟರಿ ನೀರು! ಅದು ಆ್ಯಸಿಡ್, ಚರ್ಮ ಸುಟ್ಟು ಹೋಗುತ್ತದೆ, ಯಾರೂ ದಯವಿಟ್ಟು ಆ ಕೆಲಸ ಮಾಡಬೇಡಿ. ನಮ್ಮವರು ಎಂಜಿನ್ ಆಯಿಲ್ ಹಚ್ಚಿದರು. ನಾನು ಬೇಡ ಅಂದೆ, ಆದರೆ ಗಟ್ಟಿಯಾಗಿ ಅನ್ನಲಿಲ್ಲ. ನಾಲ್ಕನೇ ದಿನಕ್ಕೆ ಚರ್ಮ ಕೆಂಪಗೆ ಊದಿಕೊಂಡು, ಮುಟ್ಟಿದರೆ ರಾಣಿ ಕಾಲು ಎತ್ತುವ ಹಾಗಾಯಿತು. ತುರಿಕೆ ಇಲ್ಲದ ಕಾಯಿಲೆಗೆ ನೋವನ್ನು ನಾವೇ ತಂದಿಟ್ಟೆವು.

ಅತ್ತೆ ಮಾತ್ರ ಗಂಧಕ ತಂದು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚೋಣ ಅಂದಿದ್ದರು. ಆಗ ನಾವು ನಕ್ಕಿದ್ದೆವು. ಆಮೇಲೆ ಡಾಕ್ಟರ್ ಹೇಳಿದ್ದು ಕೇಳಿ ನಾಚಿಕೆ ಆಯಿತು. ಸುಣ್ಣ ಮತ್ತು ಗಂಧಕ ಸೇರಿಸಿ ಮಾಡಿದ ಲೈಮ್ ಸಲ್ಫರ್ ದ್ರಾವಣ ಇವತ್ತಿಗೂ ಪಶುವೈದ್ಯರು ಬಳಸುವ ಒಳ್ಳೆ ಔಷಧಿಯಂತೆ. ಅದನ್ನು ತಕ್ಕ ಅಳತೆಯಲ್ಲಿ ನೀರಿಗೆ ಬೆರೆಸಿ ಮೈಗೆಲ್ಲ ಹಾಕಬೇಕು, ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಬಿಳಿ ಕುದುರೆ ಹಳದಿ ಆಗುತ್ತದೆ, ಅಷ್ಟೇ. ಹೊಲಕ್ಕೆ ಹೊಡೆಯುವ ಡಬ್ಬಿಯಿಂದ ತೆಗೆದು ಅಂದಾಜಿಗೆ ಸುರಿಯುವುದಲ್ಲ. ಅಳತೆ ಡಾಕ್ಟರೇ ಹೇಳಬೇಕು.

ಎಂಜಿನ್ ಆಯಿಲ್ ಕೈಕೊಟ್ಟ ಮೇಲೆ ಒಂದು ಮೆಡಿಕಲ್ ಶಾಪಿಗೆ ಹೋದೆವು. ಹುಳುಕಡ್ಡಿಗೆ ಟ್ಯೂಬ್ ಕೊಡಿ ಅಂದೆವು. ಚೀಟಿ ಕೇಳಲಿಲ್ಲ, ಯಾರಿಗೆ ಅಂತಲೂ ಕೇಳಲಿಲ್ಲ, ಕೊಟ್ಟರು. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿಯಿತು. ಆಹಾ ಅಂದುಕೊಂಡೆವು. ಅಷ್ಟರಲ್ಲಿ ನನ್ನ ಮಗಳ ಮೊಣಕೈ ಹತ್ತಿರ ಉಂಗುರದ ಹಾಗೆ ಒಂದು ಕಲೆ ಎದ್ದಿತ್ತು, ಸುತ್ತ ಕೆಂಪು, ನಡುವೆ ತಿಳಿ. ಶಾಲೆಯಿಂದ ಬಂದವಳು ಚೀಲ ಎಸೆದು ಮೊದಲು ಹೋಗಿ ರಾಣಿಯ ಕುತ್ತಿಗೆ ತಬ್ಬುವುದು ಅವಳ ರೂಢಿ. ಅವಳಿಗೂ ಅದೇ ಟ್ಯೂಬ್ ಹಚ್ಚಿದೆ. ಹತ್ತು ದಿನದಲ್ಲಿ ಕಲೆ ಅಂಗೈ ಅಗಲ ಆಯಿತು, ರಾಣಿಯ ಮೈಮೇಲಿನವು ಒಂದಕ್ಕೊಂದು ಕೂಡಿಕೊಂಡವು. ಆ ಟ್ಯೂಬಿನಲ್ಲಿ ಫಂಗಸ್ ಔಷಧಿಯ ಜೊತೆ ಸ್ಟೀರಾಯ್ಡ್ ಬೆರೆಸಿತ್ತು. ಸ್ಟೀರಾಯ್ಡ್ ಊತ, ಕೆಂಪು ಇಳಿಸುತ್ತದೆ, ಆದರೆ ಫಂಗಸ್ಸನ್ನು ತಡೆಯುವ ಮೈಯ ಶಕ್ತಿಯನ್ನೂ ಅಲ್ಲಿ ತಗ್ಗಿಸುತ್ತದೆ. ಮೇಲೆ ವಾಸಿಯಾದ ಹಾಗೆ ಕಾಣುತ್ತದೆ, ಒಳಗೆ ಹರಡುತ್ತಾ ಇರುತ್ತದೆ. ನಮ್ಮ ದೇಶದಲ್ಲಿ ಮನುಷ್ಯರ ಹುಳುಕಡ್ಡಿ ಇಷ್ಟು ಹಠಮಾರಿ ಆಗಿರುವುದಕ್ಕೆ ಇಂಥ ಕ್ರೀಮುಗಳೂ ಒಂದು ಕಾರಣ ಅಂತ ಚರ್ಮದ ಡಾಕ್ಟರುಗಳು ವರ್ಷಗಳಿಂದ ಹೇಳುತ್ತಲೇ ಇದ್ದಾರೆ. 2018ರಲ್ಲಿ ಸರ್ಕಾರ ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮವನ್ನೂ ಬಿಗಿ ಮಾಡಿತು. ಅಂಗಡಿ ಕೌಂಟರಿನಲ್ಲಿ ಆ ನಿಯಮ ನನಗಂತೂ ಕಾಣಲಿಲ್ಲ.

ಕೊನೆಗೆ ಪಶುವೈದ್ಯರ ಹತ್ತಿರ ಹೋದೆವು. ಮೊದಲ ದಿನವೇ ಹೋಗಬೇಕಿತ್ತು, ಅಲ್ವಾ? ಅವರು ಬೋಳು ಜಾಗದ ನಡುವಿನಿಂದ ಅಲ್ಲ, ಅಂಚಿನಿಂದ ಕೆಲವು ಕೂದಲು ಕಿತ್ತು, ಹೊಪ್ಪಳೆ ಕೆರೆದು, ಕಾಗದದ ಲಕೋಟೆಗೆ ಹಾಕಿಕೊಂಡರು. ಫಂಗಸ್ ಜೀವಂತವಾಗಿ ಮುಂದೆ ಸಾಗುತ್ತಾ ಇರುವುದು ಅಂಚಿನಲ್ಲಿ. ಪ್ಲಾಸ್ಟಿಕ್ ಕವರಿನಲ್ಲಿ ತೇವ ಕಟ್ಟಿ ಬೇರೆ ಬೂಷ್ಟು ಬೆಳೆಯುತ್ತದೆ, ಅದಕ್ಕೆ ಕಾಗದ. ಒಂದಿಷ್ಟು ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು, ಉಳಿದದ್ದರಲ್ಲಿ ಇರುವ ಫಂಗಸ್ಸನ್ನು ಬೆಳೆಸಿ ನೋಡಲು ಕಳಿಸಿದರು. ಅದರ ಫಲಿತಾಂಶಕ್ಕೆ ಎರಡು ಮೂರು ವಾರ ಹಿಡಿಯಬಹುದು, ಅಲ್ಲಿವರೆಗೆ ಕಾಯುವುದು ಬೇಡ ಅಂದರು. ನೀಲಿ ದೀಪ ಬಿಟ್ಟು ನೋಡುತ್ತಾರಂತಲ್ಲ ಸಾರ್ ಅಂತ ನಮ್ಮವರು ಕೇಳಿದರು. ಅದು ಬೆಕ್ಕು ನಾಯಿಗಳಲ್ಲಿ ಬರುವ ಒಂದು ಜಾತಿಯ ಫಂಗಸ್ಸಿಗೆ ಮಾತ್ರ ಹೊಳೆಯುತ್ತದೆ, ಕುದುರೆಯ ಈ ಜಾತಿಗೆ ಹೊಳೆಯೋದಿಲ್ಲ ಅಂದರು.

ಕೂದಲು ಉದುರಿದ ಕುದುರೆಗೆಲ್ಲ ಹುಳುಕಡ್ಡಿಯೇ ಅಂತಲೂ ಅಲ್ಲ. ಮಳೆಯಲ್ಲಿ ನೆನೆದು ನೆನೆದು ಬೆನ್ನ ಮೇಲೆ ಹೊಪ್ಪಳೆ ಕಟ್ಟುವುದು ಬ್ಯಾಕ್ಟೀರಿಯಾದಿಂದ, ಅದಕ್ಕೆ ಔಷಧಿ ಬೇರೆ. ಕಜ್ಜಿ ಹುಳುವಿನಿಂದ ಬರುವುದು ವಿಪರೀತ ತುರಿಸುತ್ತದೆ. ಕಾಲಿನ ಮೇಲೆ ಸಾಲಾಗಿ ಗಂಟುಗಳೆದ್ದು ಒಡೆದು ಕೀವು ಸೋರಿದರೆ ಒಂದು ಕ್ಷಣವೂ ತಡ ಮಾಡಬಾರದು. ಅದು ಗ್ಲಾಂಡರ್ಸ್ ಅನ್ನುವ ಅಂಟು ಕಾಯಿಲೆ ಇರಬಹುದು, ಮನುಷ್ಯರ ಜೀವಕ್ಕೂ ಅಪಾಯ. ಇವನ್ನೆಲ್ಲ ನಮ್ಮ ಕಣ್ಣಲ್ಲಿ ನೋಡಿ ಬೇರೆ ಮಾಡೋಕೆ ಆಗೋದಿಲ್ಲ, ಡಾಕ್ಟರೇ ಬೇಕು.

ರಾಣಿಗೆ ಅವರು ಬರೆದದ್ದು ಮೈಕೊನಜೋಲ್ ಮತ್ತು ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂ, ವಾರಕ್ಕೆ ಎರಡು ಸಲ. ಕಲೆ ಇರುವ ಜಾಗಕ್ಕಷ್ಟೇ ಅಲ್ಲ, ಕಿವಿಯಿಂದ ಬಾಲದ ತನಕ. ಕಾಣುವ ಕಲೆ ಏಳು ಇದ್ದರೆ ಕಾಣದೆ ಶುರುವಾಗಿರುವುದು ಎಷ್ಟೋ. ಸೋಂಕು ತಗುಲಿದ ಮೇಲೆ ಕಲೆ ಕಾಣಿಸಿಕೊಳ್ಳಲು ಒಂದರಿಂದ ನಾಲ್ಕು ವಾರ ಬೇಕು. ನೊರೆ ಹಚ್ಚಿ ಹತ್ತು ನಿಮಿಷ ಬಿಡಬೇಕು. ನಾನು ಮೊದಲ ಸಲ ಹಚ್ಚಿದ ಕೂಡಲೇ ತೊಳೆದುಬಿಟ್ಟಿದ್ದೆ, ಔಷಧಿಯೆಲ್ಲ ಚರಂಡಿ ಪಾಲು. ಆಮೇಲೆ ಮಗಳನ್ನು ಗಡಿಯಾರ ಹಿಡಿದು ದೂರದಲ್ಲಿ ನಿಲ್ಲಿಸಿಕೊಂಡೆ. ಕೈಗೆ ಗ್ಲೌಸ್, ಮೈಗೆ ಹಳೆ ಅಂಗಿ, ಕೆಲಸ ಮುಗಿದ ಮೇಲೆ ಆ ಅಂಗಿ ಬೇರೆ ಬಕೆಟ್ಟಿಗೆ. ಮೆತ್ತಗಾಗಿ ತಾನಾಗಿ ಬಿದ್ದ ಹೊಪ್ಪಳೆಯನ್ನು ಗುಡಿಸಿ ಸುಡಬೇಕು, ಒಣಗಿದ್ದನ್ನು ಉಗುರಿನಲ್ಲಿ ಕೀಳಬಾರದು. ಕೂದಲು ಕತ್ತರಿಸೋಕೂ ಹೋಗಬಾರದು, ಮಷೀನ್ ಇಟ್ಟರೆ ಕೂದಲಿನ ಚೂರು ಲಾಯದ ತುಂಬ ಹಾರಿ ಸೋಂಕು ಹರಡುತ್ತದೆ. ಸ್ನಾನ ಆದ ಮೇಲೆ ಬಿಸಿಲು. ಆಷಾಢದಲ್ಲಿ ಬಿಸಿಲು ಎಲ್ಲಿಂದ ತರೋಣ, ಒಣ ಗೋಣಿಯಲ್ಲಿ ಒರೆಸಿ ಒರೆಸಿ ಒಣಗಿಸಿದೆ. ಹೊರದೇಶಗಳಲ್ಲಿ ಎನಿಲ್ಕೊನಜೋಲ್ ಅನ್ನುವ ಔಷಧಿಯನ್ನು ನೀರಿಗೆ ಬೆರೆಸಿ ಮೂರು ದಿನಕ್ಕೊಮ್ಮೆ, ಒಟ್ಟು ನಾಲ್ಕು ಸಲ ಹಚ್ಚುತ್ತಾರಂತೆ. ಹೊಟ್ಟೆಗೆ ಕೊಡುವ ಗ್ರಿಸಿಯೋಫುಲ್ವಿನ್ ಅಂತ ಇನ್ನೊಂದಿದೆ, ಗಬ್ಬದ ಕುದುರೆಗೆ ಅದನ್ನು ಕೊಡಲೇಬಾರದು, ಮರಿಗೆ ತೊಂದರೆ. ರಾಣಿಗೆ ಅದು ಬೇಕಾಗಲಿಲ್ಲ. ಐದನೇ ವಾರಕ್ಕೆ ಬೋಳು ಚರ್ಮದ ಮೇಲೆ ನವಿರಾದ ಹೊಸ ಕೂದಲು ಚಿಗುರಿತು.

ಇಲ್ಲಿಗೆ ಮುಗಿಯಿತು ಅಂದುಕೊಂಡೆವು. ಈ ಪತ್ರದ ಮುಖ್ಯ ವಿಷಯ ಇರುವುದು ಇದರಾಚೆ.

ಡಾಕ್ಟರ್ ಮೊದಲ ದಿನವೇ ಒಂದು ಮಾತು ಹೇಳಿದ್ದರು. ಕುದುರೆಯ ಚರ್ಮ ಬಹಳಷ್ಟು ಸಲ ಒಂದರಿಂದ ನಾಲ್ಕು ತಿಂಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ, ಔಷಧಿ ಕೊಡುವುದು ಬೇಗ ವಾಸಿಯಾಗಲಿ ಮತ್ತು ಬೇರೆಯವರಿಗೆ ಹರಡದಿರಲಿ ಅಂತ. ಆದರೆ ಉದುರಿದ ಕೂದಲಿನಲ್ಲಿ ಇರುವ ಫಂಗಸ್ಸಿನ ಬೀಜಾಣುಗಳು ಲಾಯದಲ್ಲಿ, ಮರದ ಕಂಬದಲ್ಲಿ, ಬ್ರಷ್ಷಿನಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲವು. ನಾವು ಕೇಳಿಸಿಕೊಂಡೆವು, ಮನಸ್ಸಿಗೆ ತಗೊಳ್ಳಲಿಲ್ಲ. ಲಾಯ ತೊಳೆದೆವು, ಒಂದು ಬ್ರಷ್ ಬಿಸಾಕಿದೆವು, ಮೈ ಉಜ್ಜುವ ಹಲ್ಲಿನ ಖರಾರಾ ಬಿಸಿನೀರಿಗೆ ಅದ್ದಿದೆವು. ಶ್ರಾವಣ ಬಂತು, ಮದುವೆ ಶುರುವಾಯಿತು. ರಾಣಿಗೆ ಇನ್ನೂ ರಜೆ, ಸುಲ್ತಾನನನ್ನು ಒಂದು ಮೆರವಣಿಗೆಗೆ ಕಳಿಸಿದೆವು. ಮೆರವಣಿಗೆಯ ಜೂಲು ನಮ್ಮದಲ್ಲ, ಬಾಡಿಗೆಯದು. ಕೆಂಪು ವೆಲ್ವೆಟ್, ಜರಿ ಕುಚ್ಚು, ಕನ್ನಡಿ ಚೂರು, ಹಣೆಗೆ ತುರಾಯಿ, ಒಳಗೆ ಸ್ಪಂಜಿನ ಗಾದಿ. ಅದನ್ನು ಇವತ್ತು ಒಂದು ಕುದುರೆಗೆ ಹಾಕುತ್ತಾರೆ, ನಾಳೆ ಇನ್ನೊಂದಕ್ಕೆ. ಕುದುರೆ ಬೆವರುತ್ತದೆ, ಗಾದಿ ಒದ್ದೆಯಾಗುತ್ತದೆ, ಹಾಗೇ ಮಡಚಿ ಟೆಂಪೋದಲ್ಲಿ ಹಾಕುತ್ತಾರೆ. ಆ ಜೂಲನ್ನು ನಾನು ಕೈಯಾರೆ ತಿರುಗಿಸಿ ನೋಡಿದ್ದೇನೆ. ಗಾದಿಯ ಹೊಲಿಗೆಯ ಸಾಲಿನಲ್ಲಿ ಕಪ್ಪು, ಕಂದು, ಬಿಳಿ, ಮೂರು ಬಣ್ಣದ ಕೂದಲು ಸಿಕ್ಕಿಕೊಂಡಿತ್ತು. ನಮ್ಮ ಸುಲ್ತಾನ್ ಕಪ್ಪು. ಉಳಿದ ಎರಡು ಬಣ್ಣ ಯಾವ ಕುದುರೆಗಳದ್ದೋ.

ಮೂರನೇ ವಾರಕ್ಕೆ ಸುಲ್ತಾನನ ಬೆನ್ನ ಮೇಲೆ, ಸರಿಯಾಗಿ ಗಾದಿ ಕೂರುವ ಜಾಗದಲ್ಲಿ, ಕೂದಲು ಗೊಂಚಲಾಗಿ ಎದ್ದು ನಿಂತಿತು. ಲಾಯದಿಂದಲೇ ಬಂದಿರಲೂಬಹುದು, ಆಣೆ ಇಟ್ಟು ಹೇಳಲಾರೆ. ಆದರೆ ಅದು ಎದ್ದ ಜಾಗ ನೋಡಿದರೆ ನನಗೆ ಅನುಮಾನ ಆ ಜೂಲಿನ ಮೇಲೆಯೇ. ದಸರಾಕ್ಕೆ ಊರು ತುಂಬ ಜನ, ಅರಮನೆ ದೀಪ ನೋಡಲು ಟಾಂಗಾ ಹತ್ತುವವರು ಸಾಲುಗಟ್ಟಿ ನಿಂತಿದ್ದಾಗ ಸುಲ್ತಾನ್ ಲಾಯದಲ್ಲಿ ನೊರೆ ಹಚ್ಚಿಸಿಕೊಂಡು ನಿಂತಿದ್ದ. ಒಂದು ಟಾಂಗಾ ಮನೆಗೆ ದಸರಾ ದುಡಿಮೆ ಅಂದರೆ ಏನು ಅಂತ ಗೊತ್ತಿದ್ದವರಿಗೆ ಗೊತ್ತು.

ಎರಡನೇ ಸಲ ನಾವು ಸರಿಯಾಗಿ ಮಾಡಿದೆವು. ಮರದ ಹಿಡಿಯ ಬ್ರಷ್ಷುಗಳನ್ನೆಲ್ಲ ಸುಟ್ಟೆವು. ಪ್ಲಾಸ್ಟಿಕ್ ಖರಾರಾ, ಬಕೆಟ್, ಕಬ್ಬಿಣದ ಸರಪಳಿ ಇವನ್ನು ಮೊದಲು ಸೋಪಿನಲ್ಲಿ ಉಜ್ಜಿ ತೊಳೆದು, ಆಮೇಲೆ ಒಂದು ಪಾಲು ದ್ರವ ಬ್ಲೀಚಿಗೆ ಒಂಬತ್ತು ಪಾಲು ನೀರು ಸೇರಿಸಿ ಹತ್ತು ನಿಮಿಷ ನೆನೆಸಿಟ್ಟೆವು. ಉಜ್ಜದೆ ಸುಮ್ನೆ ಬ್ಲೀಚ್ ಸುರಿದರೆ ಪ್ರಯೋಜನ ಇಲ್ಲ, ಕೊಳೆಯ ಕೆಳಗೆ ಬೀಜಾಣು ಆರಾಮಾಗಿ ಕೂತಿರುತ್ತವೆ. ಜೀನು, ಹೊಟ್ಟೆಪಟ್ಟಿ, ಎದೆಪಟ್ಟಿ ಚರ್ಮದವು, ಬ್ಲೀಚ್ ತಡೆಯೋದಿಲ್ಲ. ಅವನ್ನು ಸೋಪಿನಲ್ಲಿ ಒರೆಸಿ, ಡಾಕ್ಟರ್ ಹೇಳಿದ ಫಂಗಸ್ ಔಷಧಿಯ ನೀರಿನಲ್ಲಿ ಬಕಲ್ಲಿನ ಸಂದಿ ಸಂದಿಯನ್ನೂ ಒರೆಸಿ, ಗಾಳಿಗೆ ಒಣಹಾಕಿದೆವು. ಬಟ್ಟೆ ಎಲ್ಲ ಬೇರೆಯಾಗಿ ಎರಡೆರಡು ಸಲ ಒಗೆದೆ. ಕುದುರೆ ಮೈ ಉಜ್ಜುವ ಕಂಬವನ್ನು ನಮ್ಮವರು ಕೆರೆದು ತೊಳೆದು ಸುಣ್ಣ ಬಳಿದರು. ರಾಣಿಗೆ ಒಂದು ಬ್ರಷ್, ಸುಲ್ತಾನನಿಗೆ ಒಂದು, ಹಿಡಿಗೆ ಬೇರೆ ಬೇರೆ ಬಣ್ಣದ ದಾರ. ಚೆನ್ನಾಗಿರುವ ಕುದುರೆಯನ್ನು ಮೊದಲು ಉಜ್ಜುವುದು, ಕಾಯಿಲೆಯದನ್ನು ಕೊನೆಗೆ. ಪಕ್ಕದ ಮನೆಯ ಹಸು ನಮ್ಮ ಲಾಯದ ಮೂಲೆಯಲ್ಲಿ ಕಟ್ಟುತ್ತಿದ್ದರು, ಅದನ್ನೂ ತೋರಿಸಿದೆವು. ಹಸುಗಳಿಗೆ, ಬೆಕ್ಕುಗಳಿಗೆ, ಇಲಿಗಳಿಗೂ ಅವುಗಳದ್ದೇ ಹುಳುಕಡ್ಡಿ ಇರುತ್ತದೆ, ಅದೂ ಕುದುರೆಗೆ ದಾಟಬಲ್ಲದು.

ಈಗ ದುಡ್ಡಿನ ಮಾತು. ಈ ಶಾಂಪೂ ಅಂಗಡಿಯಲ್ಲಿ ಸಿಗುವುದು ನಾಯಿಗೆ ಅಂತ ಮಾಡಿದ 200 ಮಿಲಿ ಬಾಟಲಿಯಲ್ಲಿ. ನಾಯಿಗೆ ಅದು ತಿಂಗಳು ಬರುತ್ತದೆ. ಕುದುರೆಯ ಮೈಗೆ ಒಂದೇ ಸ್ನಾನಕ್ಕೆ ಖಾಲಿ. ವಾರಕ್ಕೆ ಎರಡು ಸಲ, ಎರಡು ಕುದುರೆಗೆ, ಆರು ವಾರ, ನೀವೇ ಲೆಕ್ಕ ಹಾಕಿ. ಒಂದು ಕಡೆ ಈ ಖರ್ಚು, ಇನ್ನೊಂದು ಕಡೆ ಗಾಡಿ ಕಟ್ಟದೆ ನಿಂತ ದಿನಗಳ ನಷ್ಟ. ಇದಕ್ಕೆ ಹೆದರಿಯೇ ಎಷ್ಟೋ ಜನ ಕಲೆ ಕಂಡರೂ ಮುಚ್ಚಿಟ್ಟು, ಮೇಲೆ ಜೂಲು ಹೊದಿಸಿ ಕೆಲಸಕ್ಕೆ ಕಟ್ಟುತ್ತಾರೆ. ನಾನು ಅವರನ್ನು ಬೈಯಲಾರೆ. ಅವರ ಮನೆಯಲ್ಲೂ ಒಲೆ ಉರಿಯಬೇಕು. ಆದರೆ ಮುಚ್ಚಿಟ್ಟ ಆ ಕುದುರೆಯ ಮೇಲೆ ಕೂರುವುದು ಮದುವೆ ಗಂಡು, ಫೋಟೋಕ್ಕೆ ಅದನ್ನು ತಬ್ಬುವುದು ಯಾರದೋ ಮಗು.

ಅದಕ್ಕೇ ನಿಮ್ಮ ಪತ್ರಿಕೆಯ ಮೂಲಕ ಪಶುಪಾಲನಾ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ. 1962ಕ್ಕೆ ಫೋನ್ ಮಾಡಿದರೆ ಹಸು ಎಮ್ಮೆಗೆ ವಾಹನ ಮನೆ ಬಾಗಿಲಿಗೆ ಬರುವ ವ್ಯವಸ್ಥೆ ರಾಜ್ಯದಲ್ಲಿ ಇದೆ, ಒಳ್ಳೆಯದು. ಮಳೆಗಾಲದ ನಾಲ್ಕು ತಿಂಗಳು ವಾರಕ್ಕೆ ಒಂದು ದಿನ, ಒಂದು ಗಂಟೆ, ಅಂಥದ್ದೊಂದು ವಾಹನ ಟಾಂಗಾ ಸ್ಟ್ಯಾಂಡಿಗೆ ಬಂದು ನಿಲ್ಲಲಿ. ಕುದುರೆಗಳು ಹೇಗೂ ಅಲ್ಲಿಯೇ ಇರುತ್ತವೆ. ಕೂದಲಿನ ಮಾದರಿ ಅಲ್ಲೇ ತೆಗೆದುಕೊಳ್ಳಲಿ. ಲೈಮ್ ಸಲ್ಫರ್ ಅಥವಾ ಇನ್ಯಾವುದಾದರೂ ಸರಿಯಾದ ಔಷಧಿಯನ್ನು ಕುದುರೆಯ ಅಳತೆಗೆ, ಕ್ಯಾನಿನಲ್ಲಿ, ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಇಡಲಿ. ಮೈಸೂರಿನ ಟಾಂಗಾಗಳು ಊರಿನ ಹೆಮ್ಮೆ ಅಂತ ಪ್ರತಿ ದಸರಾದಲ್ಲಿ ಹೇಳುತ್ತಾರಲ್ಲ, ಆ ಟಾಂಗಾ ಎಳೆಯುವ ಪ್ರಾಣಿಯ ಚರ್ಮಕ್ಕೆ ಒಂದು ಕ್ಯಾನ್ ಔಷಧಿ ದೊಡ್ಡ ಮಾತಲ್ಲ.

ಜೂಲು ಬಾಡಿಗೆ ಕೊಡುವವರಲ್ಲಿ ಒಂದು ವಿನಂತಿ. ಒಳಗಿನ ಗಾದಿಯನ್ನು ಜೂಲಿಗೆ ಹೊಲಿಯಬೇಡಿ, ಬಿಡಿಯಾಗಿ ಇಡಿ. ಗಾದಿ ಕುದುರೆ ಮಾಲೀಕರೇ ತಂದುಕೊಳ್ಳಲಿ, ಮೇಲಿನ ವೆಲ್ವೆಟ್ ಮಾತ್ರ ನಿಮ್ಮದಿರಲಿ. ಆಗ ವೆಲ್ವೆಟ್ಟಿಗೆ ಕುದುರೆಯ ಬೆನ್ನು ತಾಗುವುದು ಕಡಿಮೆ ಆಗುತ್ತದೆ, ಅದು ಬಾಳಿಕೆಯೂ ಜಾಸ್ತಿ ಬರುತ್ತದೆ. ನಾನು ನಮ್ಮ ಮನೆಯ ಹಳೆ ಬೆಡ್‌ಶೀಟ್ ನಾಲ್ಕು ಪದರ ಮಡಚಿ ಎರಡು ಗಾದಿ ಹೊಲಿದಿದ್ದೇನೆ. ಒಂದು ಮೆರವಣಿಗೆಗೆ, ಇನ್ನೊಂದು ಒಗೆಯೋಕೆ. ನೋಡೋಕೆ ಅಂದ ಇಲ್ಲ, ವೆಲ್ವೆಟ್ ಕೆಳಗೆ ಕಾಣೋದೂ ಇಲ್ಲ.

ಟಾಂಗಾ ಹತ್ತುವವರಿಗೆ, ಮಕ್ಕಳನ್ನು ಕುದುರೆ ಮೇಲೆ ಕೂರಿಸುವವರಿಗೂ ಒಂದು ಮಾತು. ಕುದುರೆಯ ಮೈಮೇಲೆ ದುಂಡನೆ ಬೋಳು ಕಲೆ ಕಂಡರೆ ಮಾಲೀಕರ ಹತ್ತಿರ ಮೆಲ್ಲಗೆ ಕೇಳಿ, "ಇದಕ್ಕೆ ತೋರಿಸಿದ್ದೀರಾ" ಅಂತ. ಕಿರುಚಬೇಡಿ, ವಿಡಿಯೋ ಮಾಡಬೇಡಿ. ಕುದುರೆ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆದುಕೊಳ್ಳಿ. ಮಗುವಿನ ಮೈಮೇಲೆ ಉಂಗುರದ ಕಲೆ ಎದ್ದರೆ ಡಾಕ್ಟರಿಗೆ ತೋರಿಸಿ, ಕುದುರೆ ಮುಟ್ಟಿತ್ತು ಅಂತಲೂ ಹೇಳಿ. ನನ್ನ ಮಗಳಿಗೆ ಆ ಟ್ಯೂಬ್ ನಿಲ್ಲಿಸಿ, ಚರ್ಮದ ಡಾಕ್ಟರ್ ಕೊಟ್ಟ ಔಷಧಿ ಹಚ್ಚಿದ ಮೇಲೆ ವಾಸಿಯಾಯಿತು. ಸ್ಟೀರಾಯ್ಡ್ ಬಳಸಿದ್ದರಿಂದ ತಡವಾಯಿತು, ಅಷ್ಟೇ.

ರಿಂಗ್ ರಸ್ತೆ ಆಚೆ ಬಿಟ್ಟ ಆ ಕುದುರೆಯನ್ನು ಭಾನುವಾರ ನಮ್ಮವರು ಹೋಗಿ ಹಗ್ಗ ಹಾಕಿ ಕರೆತಂದರು. ಈಗ ನಮ್ಮ ಲಾಯದಿಂದ ದೂರ, ಹುಣಸೆ ಮರದ ಕೆಳಗೆ ಬೇರೆ ಕಟ್ಟಿದ್ದೇವೆ. ಅದಕ್ಕೆ ಬೇರೆ ಬಕೆಟ್, ಹಸಿರು ದಾರದ ಬೇರೆ ಬ್ರಷ್. ಎರಡು ಸ್ನಾನ ಆಗಿದೆ. ಮಾಲೀಕರು ದಿನಾ ಸಂಜೆ ಬಂದು ದೂರದಲ್ಲಿ ನಿಂತು ನೋಡಿ ಹೋಗುತ್ತಿದ್ದರು, ನಿನ್ನೆ ಮಾತ್ರ ಒಂದು ಕಟ್ಟು ಹಸಿ ಹುಲ್ಲು ತಂದು ಇಟ್ಟು, "ಇನ್ನು ಎಷ್ಟು ವಾರ ಆಗುತ್ತೆ?" ಅಂತ ಕೇಳಿದರು. ಅವರಿಗೂ ಒಂದು ಜೊತೆ ಗ್ಲೌಸ್ ಕೊಟ್ಟಿದ್ದೇನೆ. ಗುರುವಾರದ ಸ್ನಾನ ಅವರೇ ಮಾಡಿಸುತ್ತಾರೆ.

ಇಂತಿ,
ಟಾಂಗಾ ಮನೆಯ ಒಬ್ಬ ಹೆಣ್ಣುಮಗಳು,
ಮೈಸೂರು